ಮಂದಿ ಜೊತೆ ಹೊಂದಲ್ಲ, ನನ್ನ ನಡಿಗೆಯೇ ನಿಧಾನ. ಹೀಗೇ ಇದ್ದುಬಿಡಬಹುದಾ?

ಪ್ರೂಫ್_ನೋಡೋನು (ಕಲಬುರಗಿ)
ವಯಸ್ಸು ಮೂವತ್ತು ದಾಟಿ ಸುಮಾರಾಯಿತು. ಅವ್ವನ ಜೊತೆ ಇದ್ದೇನೆ. ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ, ಪ್ರೂಫ್ ನೋಡುತ್ತೇನೆ. ಹೆಚ್ಚಾಗಿ ಪಿಎಚ್‌ಡಿ ಹುಡುಗರ ಥೀಸಿಸ್. ದುಡ್ಡು ಅಷ್ಟಕ್ಕಷ್ಟೆ, ಸಾಲ ಇಲ್ಲ. ಮೊದಲು ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿದ್ದೆ. ಕೆಲಸ ಬರುತ್ತಿತ್ತು. ಕೆಲಸದ ಸುತ್ತ ಇರೋ ಗದ್ದಲ ಬರಲಿಲ್ಲ. ವಾಪಸ್ ಬಂದೆ.

ನನಗೆ ಈಗ ಆರಾಮ ಇದೆ. ಆದರೆ ಬಳಗಕ್ಕೆ ಆರಾಮ ಇಲ್ಲ. ಹೋದ ತಿಂಗಳು ಬಳಗದ ವಾಟ್ಸಾಪ್ ಗ್ರೂಪ್ ಬಿಟ್ಟೆ. ಮರುದಿನ ಕಾಕಾ ಮನೆಗೇ ಬಂದರು. "ಯಾರು ಏನಂದ್ರು ಹೇಳು." ಯಾರೂ ಏನೂ ಅಂದಿಲ್ಲ, ಮೊಬೈಲ್ ಬಡಕೊಳ್ಳೋದು ತಡೆಯೋಕಾಗಲಿಲ್ಲ ಅಂದೆ. ನಂಬಲಿಲ್ಲ. ಯಾರಾದರೂ ಏನಾದರೂ ಅಂದಿದ್ದರೆ ಅವರಿಗೆ ಸಮಾಧಾನ ಆಗುತ್ತಿತ್ತು, ಜಗಳ ಬಿಡಿಸಿ ಚಹಾ ಕುಡಿದು ಹೋಗುತ್ತಿದ್ದರು.

ಇನ್ನೊಂದು, ಮದುವೆ ಪಂಗ್ತಿ. ನಾನು ಊಟ ನಿಧಾನ ಮಾಡುತ್ತೇನೆ. ಎಲ್ಲರೂ ಹುಗ್ಗಿ ಮುಗಿಸಿ ಅನ್ನಕ್ಕೆ ಬಂದಿರುತ್ತಾರೆ, ನಾನಿನ್ನೂ ಎರಡನೇ ರೊಟ್ಟಿಯಲ್ಲಿ. ಬಡಿಸುವ ಹುಡುಗ ಸಾರಿನ ಬಕೆಟ್ ಹಿಡಿದು ಎದುರಿಗೆ ನಿಲ್ಲುತ್ತಾನೆ. ಮುಂದಿನ ಪಂಗ್ತಿಯವರು ನನ್ನ ಕುರ್ಚಿಯ ಬೆನ್ನಿಗೆ ಕೈ ಇಟ್ಟು ಆಗಲೇ ಜಾಗ ಹಿಡಿದಿರುತ್ತಾರೆ. ಈಚೀಚೆ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಇನ್ನು ಮಾಮೂಲಿ ಪ್ರಶ್ನೆಗಳು ಬಿಡಿ. ಮದುವೆ ಯಾವಾಗ, 371ಜೆ ಸರ್ಟಿಫಿಕೇಟ್ (ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೌಕರಿ ಮೀಸಲಾತಿ ಕೊಡೋದು) ಇಟ್ಟುಕೊಂಡು ಎಫ್‌ಡಿಎ, ಅಂದರೆ ಸರ್ಕಾರಿ ಗುಮಾಸ್ತನ ಪರೀಕ್ಷೆ, ಯಾಕೆ ಬರೆಯಲ್ಲ, ಬೆಂಗಳೂರು ಯಾಕೆ ಬಿಟ್ಟೆ.

ಕೇಳೋದು ಇಷ್ಟೇ. ಇದನ್ನ ಬದಲಿಸಿಕೊಳ್ಳಲೇಬೇಕಾ? ಇಲ್ಲ, ನಾನು ಇರೋದೇ ಹಿಂಗೆ ಅಂತ ಒಪ್ಪಿಕೊಂಡು ನಡೆಯಬಹುದಾ? ನಮ್ಮ ಕಡೆ ಯಾರಾದರೂ ಹಾಗೆ ಇದ್ದೀರಾ?

ಬಿಸಿಲೂರು
ಇದ್ದುಬಿಡಿ. ಮುಂದಿನ ಪ್ರಶ್ನೆ ಕೇಳಿ.

ಜೇವರ್ಗಿ_ಕ್ರಾಸ್
ಅಷ್ಟು ಸಲೀಸಲ್ಲ ಸ್ವಾಮಿ. ಒಂಟಿ ಇರೋದು ಮೊಬೈಲ್‌ನಲ್ಲಿ ಓದೋಕೆ ಚೆಂದ. ನಾಳೆ ರಾತ್ರಿ ಎರಡು ಗಂಟೆಗೆ ಅವ್ವಗೆ ಆರಾಮ ತಪ್ಪಿತು ಅಂದರೆ ಗಾಡಿ ತರೋರು ಯಾರು? ಇದೇ ಕಾಕಾ. ಹೆಣ ಎತ್ತೋಕೂ ನಾಲ್ಕು ಹೆಗಲು ಬೇಕು. ಕೊಟ್ಟು ತಗೊಂಡು ಮಾಡಿದರೇನೇ ಬಳಗ. ನೀವು ಗ್ರೂಪ್ ಬಿಟ್ಟಿದ್ದು ತಪ್ಪು ಅಂತ ನಾನು ನೇರವಾಗೇ ಹೇಳುತ್ತೇನೆ. ಮ್ಯೂಟ್ ಮಾಡಿದ್ದರೆ ಏನಾಗುತ್ತಿತ್ತು?

ಬಿಸಿಲೂರು
ಮ್ಯೂಟ್ ಮಾಡಿದರೆ "ನೋಡಿಯೂ ಉತ್ತರ ಕೊಡಲಿಲ್ಲ" ಅಂತಾರೆ. ನೀಲಿ ಗೆರೆಯ ಪಂಚಾಯಿತಿ ನಿಮಗೆ ಗೊತ್ತಿಲ್ಲ.

ಪ್ರೂಫ್_ನೋಡೋನು (ಕಲಬುರಗಿ)
@ಜೇವರ್ಗಿ_ಕ್ರಾಸ್ ಸಾವಿಗೆ ನಾನು ತಪ್ಪಿಸಲ್ಲ. ಯಾರ ಮನೆಯದಾದರೂ ಹೋಗುತ್ತೇನೆ. ಮಣ್ಣು ಮುಗಿಯೋವರೆಗೂ ಇರುತ್ತೇನೆ. ಅಲ್ಲಿ ಸುಮ್ನೆ ಕೂತರೆ ಯಾರೂ "ಯಾಕೆ ಸುಮ್ನೆ ಕೂತಿದ್ದಿ" ಅನ್ನಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಕೂರೋದಿದ್ದರೂ ನನ್ನನ್ನೇ ಕರೀತಾರೆ, ಯಾಕಂದರೆ ನಾನು ಬೇಜಾರು ಮಾಡಿಕೊಳ್ಳಲ್ಲ. ಅದೇ ಕಾಕಾಗೆ ಆಪರೇಷನ್ ಆದಾಗ ರಾತ್ರಿ ಪಾಳಿ ನನ್ನದೇ ಇತ್ತು.

ಜೇವರ್ಗಿ_ಕ್ರಾಸ್
ಇದನ್ನ ಮೊದಲೇ ಹೇಳಬೇಕಿತ್ತು. ಆದರೂ ಮದುವೆಗೂ ಹೋಗಿ. ಅರ್ಧ ಗಂಟೆ.

ಯಾದಗಿರಿ_ಬೆಟ್ಟ
371ಜೆ ಮಾತು ಬಂತಲ್ಲ, ಅದೇ ನಮ್ಮ ಮನೆಯ ಕಥೆ. 2013ರಲ್ಲಿ ಅದು ಬಂದ ಮೇಲೆ ನಮ್ಮ ಕಡೆ ಓದಿದ ಹುಡುಗ ಅಂದರೆ ಕಾಂಪಿಟೇಟಿವ್ ಪರೀಕ್ಷೆ ಬರೆಯಲೇಬೇಕು ಅನ್ನೋ ಹಾಗಾಗಿದೆ. ಶೇಕಡಾ 75 ಹುದ್ದೆ ನಮಗೇ ಇವೆ, ಬರೆಯದವನು ದಡ್ಡ. ನನ್ನ ತಮ್ಮ ಬೈಕ್ ರಿಪೇರಿ ಚೆಂದ ಮಾಡುತ್ತಾನೆ. ಅವನನ್ನೂ ಹಿಡಿದು ಕಲಬುರಗಿಯ ಕೋಚಿಂಗ್‌ಗೆ ಹಾಕಿದ್ದರು. ರೂಮಿನಲ್ಲಿ ಆರು ಮಂದಿ, ಆರು ಮಂದಿಗೂ ಒಂದೇ ಪುಸ್ತಕ, ಒಂದೇ ಕನಸು. ಹೋಳಿ ಹುಣ್ಣಿಮೆಗೆ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಈಗ ಅಂಗಡಿ ಹಾಕಿದ್ದಾನೆ. ಅಪ್ಪ ಇನ್ನೂ ಯಾರಾದರೂ ಕೇಳಿದರೆ "ಓದ್ಲಿಕ್ಕತ್ತಾನ" ಅಂತಲೇ ಹೇಳುತ್ತಾರೆ.

ಗೆಜೆಟ್_ಮಾಸ್ತರ
ತಿದ್ದುಪಡಿ: 75 ಅನ್ನೋದು ಎ ಮತ್ತು ಬಿ ಗುಂಪಿಗೆ. ಸಿ ಗುಂಪಿಗೆ 80, ಡಿ ಗುಂಪಿಗೆ 85. ಎಫ್‌ಡಿಎ ಸಿ ಗುಂಪು.

ಯಾದಗಿರಿ_ಬೆಟ್ಟ
ನೀವು ಪಾಸಾದವರು ಅನ್ನಿಸುತ್ತೆ.

ಗೆಜೆಟ್_ಮಾಸ್ತರ
ಪಾಸಾಗಿದ್ದೇನೆ. ಆಫೀಸಿನಲ್ಲಿ ಯಾರ ಜೊತೆಗೂ ಊಟ ಮಾಡಲ್ಲ. ನೌಕರಿ ಬಂದರೆ ಸ್ವಭಾವ ಹೋಗಲ್ಲ, ಪಗಾರ ಬರುತ್ತೆ ಅಷ್ಟೆ. ಒಂದು ಅನುಕೂಲ ಇದೆ. ನೌಕರಿ ಇರೋ ಮಾತಾಡದ ಮನುಷ್ಯನಿಗೆ "ಗಂಭೀರ" ಅಂತಾರೆ.

ಕೆರೆದಂಡೆ
ಗಂಡಸರಿಗೆ ಗಂಭೀರ ಅಂತಾರೆ ಸರ್. ನಾನು ಹಾಗೆ ಇದ್ದರೆ ಸೊಕ್ಕು ಅಂತಾರೆ.

ನಾನೂ ಇದೇ ಊರು. ಕೆಲಸ ಮಾಡುತ್ತೇನೆ, ಮದುವೆ ಆಗಿಲ್ಲ, ಆಗಬೇಕು ಅಂತ ಅವಸರವೂ ಇಲ್ಲ. ನನಗೆ ಸಂಜೆ ಒಂದು ತಾಸು ಒಬ್ಬಳೇ ಎಲ್ಲಾದರೂ ಕೂರಬೇಕು. ಇಷ್ಟೇ ಆಸೆ. ಅಪ್ಪನ ಕೆರೆ ದಂಡೆಯಲ್ಲಿ ಕೂತರೆ ನಾನು ಮನೆ ಮುಟ್ಟೋದಕ್ಕಿಂತ ಮೊದಲು ಸುದ್ದಿ ಮುಟ್ಟಿರುತ್ತದೆ. "ಯಾರಿಗೋ ಕಾಯ್ತಿದ್ದಳು." ಕೋಟೆಯ ಒಳಗೆ ಕೂತರೆ ಸೆಲ್ಫಿ ಹುಡುಗರು. ಕೊನೆಗೆ ಸಿಕ್ಕಿದ್ದು ಬುದ್ಧ ವಿಹಾರ. ಅದು ಶುರುವಾದಾಗ ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿದ್ದರು, ಆಗ ಕಾಲು ಸುಟ್ಟಿದ್ದು ಬಿಟ್ಟರೆ ಏನೂ ನೆನಪಿಲ್ಲ. ಈಗ ಅಲ್ಲಿ ಕಣ್ಣು ಮುಚ್ಚಿ ಕೂತರೆ ಧ್ಯಾನ ಅಂದುಕೊಳ್ಳುತ್ತಾರೆ, ಯಾರೂ ಏನೂ ಕೇಳಲ್ಲ. ನಾನು ಧ್ಯಾನ ಗೀನ ಏನೂ ಮಾಡಲ್ಲ. ನಾಳೆ ಯಾವ ಪಲ್ಯ ಮಾಡೋದು ಅಂತ ಯೋಚಿಸುತ್ತಾ ಕೂತಿರುತ್ತೇನೆ.

ಪ್ರೂಫ್ ಅಣ್ಣ, ನಿಮ್ಮ ಪ್ರಶ್ನೆಗೆ ಉತ್ತರ: ಒಪ್ಪಿಕೊಂಡು ನಡೆಯಬಹುದು. ಆದರೆ "ನಿಮಗೆ" ನಡೆಯೋ ಅಷ್ಟು ಸುಲಭವಾಗಿ ನಮಗೆ ನಡೆಯಲ್ಲ. ನಿಮ್ಮ ಮನೆಗೆ ಕಾಕಾ ಬಂದು ಕೇಳಿ ಹೋದರು. ನಮ್ಮ ಮನೆಗೆ ಕಾಕಾ ಬಂದರೆ ಒಂದು ಸಂಬಂಧ ತಗೊಂಡೇ ಬರುತ್ತಾರೆ.

ಬಿಸಿಲೂರು
ಪಲ್ಯ ಯೋಚನೆನೂ ಧ್ಯಾನವೇ. ಪುಂಡಿ ಪಲ್ಯ ಆದರಂತೂ ಹೌದು.

ಜೇವರ್ಗಿ_ಕ್ರಾಸ್
ತಂಗಿ, ಊರು ಕೇಳೋದು ಕಾಳಜಿಯಿಂದ. ಬೆಂಗಳೂರಲ್ಲಿ ಸತ್ತರೂ ಮೂರು ದಿನ ಯಾರೂ ಬಾಗಿಲು ತಟ್ಟಲ್ಲ.

ಕೆರೆದಂಡೆ
ಕಾಳಜಿ ಆದರೆ "ಊಟ ಆಯ್ತಾ" ಅಂತ ಕೇಳಲಿ ಸರ್. "ಯಾರ ಜೊತೆ ಇದ್ದಿ" ಅಂತ ಕೇಳೋದು ವಿಚಾರಣೆ.

ಆಳಂದ_ಹೊಲದಾಂವ
ನಾನು ಒಕ್ಕಲುತನ ಮಾಡೋನು. ಪ್ರೂಫ್ ತಮ್ಮಾ, ಹೊಲ ನೋಡು. ಜೂನ್ ಮಳೆಗೆ ಹೆಸರು, ತೊಗರಿ ಎರಡೂ ಒಂದೇ ಹೊಲದಲ್ಲಿ ಸಾಲು ಬಿಟ್ಟು ಬಿತ್ತುತ್ತೇವೆ. ಹೆಸರು ಎರಡೂವರೆ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಆಗ ತೊಗರಿ ಇನ್ನೂ ಹೂವನ್ನೇ ಕಂಡಿರಲ್ಲ. ಹೊರಗಿನವರು ನೋಡಿದರೆ "ಇದೇನು ಬೆಳೆನೇ ಇಲ್ಲ" ಅಂತಾರೆ. ಎಳ್ಳಮಾಸಿಗೆ ಚರಗ ಚೆಲ್ಲೋಕೆ ಹೋದಾಗ ನೋಡಬೇಕು ಅದರ ಕಾಯಿ. ಬೇರು ಆಳಕ್ಕೆ ಇಳಿದಿರುತ್ತದೆ, ನಡುವೆ ಮಳೆ ಕೈ ಕೊಟ್ಟರೂ ತಡೆಯುತ್ತದೆ. ನಮ್ಮ ಜಿಲ್ಲೆಗೆ ಕೀರ್ತಿ ಬಂದಿದ್ದು ತೊಗರಿಯಿಂದಲೇ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ನೀನು ತೊಗರಿ, ನಿನ್ನ ಬಳಗ ಹೆಸರು. ಅಷ್ಟೆ.

ಜೇವರ್ಗಿ_ಕ್ರಾಸ್
ಅಣ್ಣ, ಅರ್ಧ ಹೇಳಿದಿರಿ. ನಾನೂ ಒಕ್ಕಲಿಗನ ಮಗನೇ. ಬಿತ್ತಿ ಒಂದೂವರೆ ತಿಂಗಳಾದ ಮೇಲೆ ತೊಗರಿಯ ಕುಡಿ ಚಿವುಟಬೇಕು. ಕೃಷಿ ವಿಜ್ಞಾನಿಗಳೇ ಊರೂರಿಗೆ ಬಂದು ಹೇಳಿದ್ದಾರೆ. ಚಿವುಟಿದರೆ ಟಿಸಿಲು ಜಾಸ್ತಿ, ಕಾಯಿ ಜಾಸ್ತಿ. ಬಿಟ್ಟರೆ ಉದ್ದಕ್ಕೆ ಬೆಳೆದು ನಿಲ್ಲುತ್ತದೆ. ಕಾಕಾ ಮಾಡಿದ್ದು ಅದನ್ನೇ.

ಆಳಂದ_ಹೊಲದಾಂವ
ಒಂದು ಸಲ ಚಿವುಟಬೇಕು ತಮ್ಮಾ. ದಿನಾ ಚಿವುಟಿದರೆ ಕಟ್ಟಿಗೆ ಆಗುತ್ತದೆ. ಹೂವಾದ ಮೇಲೆ ಚಿವುಟಿದರಂತೂ ಮುಗಿದೇ ಹೋಯಿತು.

ಪ್ರೂಫ್_ನೋಡೋನು (ಕಲಬುರಗಿ)
ನನ್ನನ್ನ ಚಿವುಟೋ ಕಾಲ ಹತ್ತನೇ ಕ್ಲಾಸಿಗೇ ಮುಗಿದಿದೆ. ಈಗ ಚಿವುಟಿದರೆ ಉಗುರು ಅವರದೇ ಮುರಿಯುತ್ತೆ.

ನಿರ್ವಾಹಕ
ಬೆಳೆಯ ವಿಚಾರಕ್ಕೆ ಬೇರೆ ವಿಭಾಗ ಇದೆ. ನೆಟೆ ರೋಗದ ಬಗ್ಗೆ ಇಲ್ಲಿ ಹಾಕಿದ್ದ ಎರಡು ಪೋಸ್ಟ್ ಅಲ್ಲಿಗೆ ಕಳಿಸಿದ್ದೇನೆ.

ಶಹಾಪುರ_ಟೀಚರ್
ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಇಂಥ ಒಂದೆರಡು ಮಕ್ಕಳು ಸಿಗುತ್ತಾರೆ. ಉತ್ತರ ಗೊತ್ತಿರುತ್ತದೆ, ಕೈ ಎತ್ತಲ್ಲ. ಕೇಳಿದರೆ ಸ್ವಲ್ಪ ಹೊತ್ತು ತಗೊಂಡು ಹೇಳುತ್ತಾರೆ. ಆ ಸ್ವಲ್ಪ ಹೊತ್ತು ಕಾಯೋದೇ ನಮಗೆ ಕಷ್ಟ. ನಲವತ್ತೈದು ಮಕ್ಕಳ ಕ್ಲಾಸು, ಪಕ್ಕದವನು "ಟೀಚರ್ ನಾನು ನಾನು" ಅಂತ ಬೆಂಚು ಬಡೀತಾ ಇರುತ್ತಾನೆ. ಉತ್ತರ ಅವನ ಬಾಯಿಂದ ಬರುತ್ತದೆ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ.

ಈಗ ನಾನು ಪ್ರಶ್ನೆ ಕೇಳಿ, ಎಲ್ಲರೂ ಮೊದಲು ಪಾಟಿಯಲ್ಲಿ ಬರೆಯಿರಿ ಅನ್ನುತ್ತೇನೆ. ಆಮೇಲೆ ಓದಿಸುತ್ತೇನೆ. ಒಂದು ಹುಡುಗಿ ಇದ್ದಾಳೆ, ಜೂನ್‌ನಿಂದ ದೀಪಾವಳಿವರೆಗೂ ನನ್ನ ಜೊತೆ ಮಾತಾಡಿರಲಿಲ್ಲ. ಅವಳ ಪಾಟಿ ನೋಡಿದರೆ ಗಣಿತ ಎಲ್ಲರಿಗಿಂತ ಚೊಕ್ಕ. ಪಾಲಕರ ಸಭೆಯಲ್ಲಿ ಅವರಪ್ಪ "ಮಗಳು ಮಬ್ಬು, ಸ್ಟೇಜ್ ಹತ್ತಿಸಿ ಡ್ಯಾನ್ಸ್ ಮಾಡಿಸಿ ಮೇಡಂ" ಅಂದರು. ಹತ್ತಿಸಲಿಲ್ಲ. ಗ್ಯಾದರಿಂಗ್ ದಿನ ಪರದೆ ಎಳೆಯೋ ಹಗ್ಗ ಅವಳ ಕೈಗೆ ಕೊಟ್ಟೆ. ಒಂದು ಸಲವೂ ತಪ್ಪಲಿಲ್ಲ.

ಕುಸುರಿ_ಬೀದರ್
ಟೀಚರ್ ಹೇಳಿದ ಹಗ್ಗದ ಮಾತು ಖರೇ.

ನಮ್ಮದು ಬಿದರಿ ಕೆಲಸ. ಸತು, ತಾಮ್ರ ಸೇರಿಸಿ ಎರಕ ಹೊಯ್ಯೋದು, ಉಜ್ಜೋದು, ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಂಡು ಮೇಲೆ ಚಿತ್ರ ಬರೆಯೋದು. ಆಮೇಲೆ ಉಳಿಯಿಂದ ಆ ಗೆರೆ ಕೊರೆಯಬೇಕು. ಕೂದಲಿನಷ್ಟು ಸಣ್ಣ ಗೆರೆ. ಅದರೊಳಗೆ ಬೆಳ್ಳಿ ತಂತಿ ಇಟ್ಟು ಬಡಿಯಬೇಕು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಾಯಿಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಮಾತಾಡುತ್ತಾ ಕೊರೆದರೆ ಉಳಿ ಜಾರುತ್ತದೆ. ಅದಕ್ಕೇ ನಮ್ಮ ಅಂಗಡಿಯಲ್ಲಿ ಐದು ಮಂದಿ ಕೂತಿದ್ದರೂ ಟಕ್ ಟಕ್ ಬಿಟ್ಟು ಸದ್ದಿಲ್ಲ.

ನಾನು ಚಿಕ್ಕಂದಿನಿಂದ ಮಾತು ಕಡಿಮೆ. ಯಾರೂ ನನಗೆ "ಯಾಕೆ ಸುಮ್ನೆ ಇದ್ದಿ" ಅಂದಿಲ್ಲ, ಯಾಕಂದರೆ ಕೈಯಲ್ಲಿ ಉಳಿ ಇದೆ. ಅದೇ ನಾನು ಬೀಗರ ಮನೆಯಲ್ಲಿ ಕೈ ಕಟ್ಟಿಕೊಂಡು ಕೂತರೆ ಎಲ್ಲರಿಗೂ ನಾನು ತ್ರಾಸು. ಮಂದಿಗೆ ತಡೆಯೋಕಾಗದೆ ಇರೋದು ಸುಮ್ನೆ ಇರೋ ಬಾಯಿ ಅಂತ ನನಗೆ ಅನ್ನಿಸಲ್ಲ. ಸುಮ್ನೆ ಇರೋ ಕೈ.

ಪ್ರೂಫ್ ಅಣ್ಣ, ಮದುವೆಗೆ ಹೋಗಿ, ಆದರೆ ಕೆಲಸ ಹಿಡಿದುಕೊಂಡು ಹೋಗಿ. ಮುಯ್ಯಿ ಬರೆಯೋ ಪುಸ್ತಕ ಇರುತ್ತದಲ್ಲ, ಅದನ್ನ ತಗೊಳ್ಳಿ. ಹೆಸರು, ಊರು, ಮೊತ್ತ. ನಿಮ್ಮ ಅಕ್ಷರ ಚೊಕ್ಕ ಇರುತ್ತದೆ. ಎದುರಿಗೆ ಮೇಜು ಇರುತ್ತದೆ, ಯಾರೂ ಹೆಗಲ ಮೇಲೆ ಕೈ ಹಾಕಲ್ಲ. ಊಟ ಕೊನೆಯ ಪಂಗ್ತಿಯಲ್ಲಿ. ಕೊನೆಯ ಪಂಗ್ತಿಯಲ್ಲಿ ಕುರ್ಚಿ ಹಿಂದೆ ಯಾರೂ ನಿಲ್ಲಲ್ಲ.

ಪ್ರೂಫ್_ನೋಡೋನು (ಕಲಬುರಗಿ)
ಕೊನೆಯ ಪಂಗ್ತಿ! ಇದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಜೇವರ್ಗಿ_ಕ್ರಾಸ್
ಕೊನೆಯ ಪಂಗ್ತಿಗೆ ಹುಗ್ಗಿ ಉಳಿದಿರಲ್ಲ, ಗೊತ್ತಿರಲಿ.

ಬಿಸಿಲೂರು
ಬಡಿಸೋರ ಪಂಗ್ತಿ ಅದು. ಅವರು ಒಂದು ಪಾತ್ರೆ ಒಳಗೆ ಮುಚ್ಚಿಟ್ಟಿರುತ್ತಾರೆ. ನೀವು ಯಾವತ್ತೂ ಬಡಿಸಿಲ್ಲ ಅನ್ನಿಸುತ್ತೆ.

ಕಲ್ಯಾಣದ_ಕೂಸು
ಎಲ್ಲರೂ ಒಂದು ಮರೆತಿದ್ದೀರಿ. ಹೊಂದಿಕೊಳ್ಳದವರ ನಾಡು ನಮ್ಮದು. ಅಕ್ಕಮಹಾದೇವಿ ಅರಮನೆ ಬಿಟ್ಟು ಒಬ್ಬಳೇ ನಡೆದು ಬಂದಳು. ಅಲ್ಲಮ ಯಾವ ಊರಿಗೂ ಅಂಟಿಕೊಳ್ಳಲಿಲ್ಲ. ಅವರೇ ಒಂಟಿ ಇದ್ದ ಮೇಲೆ ನಾವು ಇದ್ದರೆ ಏನು?

ಗೆಜೆಟ್_ಮಾಸ್ತರ
ತಿದ್ದುಪಡಿ: ಅಕ್ಕ ಬಸವಕಲ್ಯಾಣಕ್ಕೆ ಬಂದಿದ್ದು ಮಂದಿ ಇದ್ದಲ್ಲಿಗೆ. ಅನುಭವ ಮಂಟಪ ಅಂದರೆ ಕೂತು ಮಾತಾಡೋ ಜಾಗ. ಅಲ್ಲಿ ಅಲ್ಲಮ ಅವಳನ್ನ ಪ್ರಶ್ನೆ ಕೇಳಿ ಪರೀಕ್ಷೆ ಮಾಡಿದ ಅಂತಲೇ ಕಥೆ ಇದೆ. ಅವಳು ಉತ್ತರ ಕೊಟ್ಟಳು, ಓಡಿಹೋಗಲಿಲ್ಲ. ಶ್ರೀಶೈಲಕ್ಕೆ ಒಬ್ಬಳೇ ಹೋಗಿದ್ದು ಆಮೇಲೆ. ಆದ್ದರಿಂದ ವಾಟ್ಸಾಪ್ ಗ್ರೂಪ್ ಬಿಡೋದಕ್ಕೆ ಅಕ್ಕನ ಸಾಕ್ಷಿ ನಡೆಯಲ್ಲ.

ಕೆರೆದಂಡೆ
ನಡೆಯುತ್ತೆ ಸರ್. ತನಗೆ ಬೇಕಾದ ಮಂದಿಯನ್ನ ತಾನೇ ಹುಡುಕಿಕೊಂಡು ಹೋದಳು. ಸಿಕ್ಕಿದ ಮಂದಿ ಜೊತೆ ಇರಲಿಲ್ಲ.

ಕಲ್ಯಾಣದ_ಕೂಸು
ಇದನ್ನೇ ನಾನು ಹೇಳೋಕೆ ಬಂದಿದ್ದು.

ಬಿಸಿಲೂರು
ನೀವು ಹೇಳಿದ್ದು ಅದಲ್ಲ. ಇರಲಿ.

ಜೇಬಿನಲ್ಲಿ_ಕೈ
ಮೊದಲ ಸಲ ಬರೆಯುತ್ತಿದ್ದೇನೆ. ಬಹಳ ದಿನದಿಂದ ಓದುತ್ತಿದ್ದೆ. ನನ್ನದು ಪ್ರೂಫ್ ಅವರ ಥರ ಅಲ್ಲ. ಅವರಿಗೆ ಹೋಗೋಕೆ ಮನಸ್ಸಿಲ್ಲ. ನನಗೆ ಮನಸ್ಸಿದೆ. ಗೆಳೆಯರು ಬೇಕು ಅನ್ನಿಸುತ್ತದೆ. ಆದರೆ ಅಂಗಡಿಯಲ್ಲಿ ಚಿಲ್ಲರೆ ಕೇಳೋಕೂ ಎದೆ ಡವಡವ ಅನ್ನುತ್ತದೆ. ಹಿಂದಿನ ರಾತ್ರಿಯೇ ಏನು ಮಾತಾಡೋದು ಅಂತ ಮನಸ್ಸಿನಲ್ಲಿ ಬರೆದುಕೊಳ್ಳುತ್ತೇನೆ. ನಾನೂ "ಇರೋದೇ ಹಿಂಗೆ" ಅಂತ ಒಪ್ಪಿಕೊಳ್ಳಬೇಕಾ?

ಶಹಾಪುರ_ಟೀಚರ್
ಬರೆದಿದ್ದು ಒಳ್ಳೆಯದಾಯಿತು. ಇಲ್ಲ, ಇದನ್ನ ಸ್ವಭಾವ ಅಂತ ಬಿಟ್ಟುಬಿಡಬೇಡಿ.

ನರ್ಸಮ್ಮ_58
ನಾನು ನರ್ಸ್, ರಿಟೈರ್ ಆಗಿದ್ದೇನೆ. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ ಅಂತ ಮೊದಲಿನಿಂದ ಹೇಳಬೇಕು ಅಂದುಕೊಂಡಿದ್ದೆ. ಒಬ್ಬನೇ ಇದ್ದಾಗ ಹಗುರ ಅನ್ನಿಸಿದರೆ ಅದು ಸ್ವಭಾವ. ಮಂದಿ ಬೇಕು, ಆದರೆ ಭಯಕ್ಕೆ ಮನೆಯಿಂದ ಹೊರಡೋಕಾಗಲ್ಲ, ಕೈ ನಡುಗುತ್ತದೆ, ಬೆವರುತ್ತದೆ ಅಂದರೆ ಅದು ಬೇರೆ. ಅದಕ್ಕೆ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆಯಲ್ಲಿ ಒಮ್ಮೆಲೇ ಜಾತ್ರೆಗೆ ತಳ್ಳಲ್ಲ. ಮೊದಲು ಅಂಗಡಿಯಲ್ಲಿ ಒಂದು ಮಾತು, ಆಮೇಲೆ ಎರಡು, ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಭಯ ಇಳಿಸುತ್ತಾರೆ. ಕೆಲವರಿಗೆ ಗುಳಿಗೆನೂ ಬೇಕಾಗುತ್ತದೆ, ಅದು ಡಾಕ್ಟರ್ ನೋಡಿ ಹೇಳಬೇಕು.

14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್. ಸರ್ಕಾರದ್ದು, 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಫೋನ್ ಮಾಡೋಕೂ ಭಯ ಅಂತ ನನಗೆ ಗೊತ್ತು ಮಗಾ. ಏನು ಹೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಓದಿಬಿಡು. ಅವರು ನಗಲ್ಲ.

ಜೇಬಿನಲ್ಲಿ_ಕೈ
ಚೀಟಿ ಓದಬಹುದು. ಥ್ಯಾಂಕ್ಸ್.

ಓದುಗ_ಹುಮನಾಬಾದ್
ಅಂತರ್ಮುಖಿ, ಬಹಿರ್ಮುಖಿ ಅನ್ನೋದನ್ನ 1921ರಲ್ಲೇ ಸ್ವಿಟ್ಜರ್ಲೆಂಡಿನ ಕಾರ್ಲ್ ಯುಂಗ್ ವಿವರಿಸಿದ್ದಾನೆ. ಅದು ರೋಗ ಅಂತ ಅವನೂ ಅಂದಿಲ್ಲ.

ಬಿಸಿಲೂರು
ಇದನ್ನ ಕಾಕಾ ಮುಂದೆ ಹೇಳಿ ನೋಡಿ. "ಯಾರವ, ಯಾವ ಊರಾಂವ, ಯಾರ ಪೈಕಿ" ಅಂತಾರೆ.

ಯಾದಗಿರಿ_ಬೆಟ್ಟ
ನಿಧಾನದ ಮಾತಿಗೆ ಬರೋಣ. ನಮ್ಮ ಕಡೆ ವೇಗ ಮೆರೆಸೋರು ಏಪ್ರಿಲ್, ಮೇನಲ್ಲಿ ಎಲ್ಲಿ ಹೋಗಿರುತ್ತಾರೆ? ಸರ್ಕಾರವೇ ಬಗ್ಗುತ್ತದೆ, ಬಿಸಿಲಿಗೆ ಆಫೀಸ್ ವೇಳೆ ಬೆಳಿಗ್ಗೆ 8ರಿಂದ 1.30ಕ್ಕೆ ತರುತ್ತದೆ. ಮಧ್ಯಾಹ್ನ ಎರಡಕ್ಕೆ ಯಾದಗಿರಿ ಸ್ಟೇಷನ್ ರೋಡಿನಲ್ಲಿ ನಾಯಿನೂ ಇರಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು, ಕೂಲರ್‌ಗೆ ನೀರು ಹಾಕಿ, ಮಾತಿಲ್ಲದೆ ಬಿದ್ದಿರುತ್ತಾರೆ. ಯಾರೂ ಯಾರನ್ನೂ ಯಾಕೆ ಬರಲಿಲ್ಲ ಅಂತ ಕೇಳಲ್ಲ. ವರ್ಷಕ್ಕೆ ಎರಡು ತಿಂಗಳು ಇಡೀ ಕಲ್ಯಾಣ ಕರ್ನಾಟಕ ಪ್ರೂಫ್ ಅವರ ಥರ ಬದುಕುತ್ತದೆ.

ಜೇವರ್ಗಿ_ಕ್ರಾಸ್
ಆ ಎರಡು ತಿಂಗಳಲ್ಲೇ ಎಲ್ಲ ಮದುವೆ ಇಟ್ಟುಕೊಳ್ಳುತ್ತಾರೆ, ಅದನ್ನ ಯಾಕೆ ಮರೆತಿರಿ?

ಯಾದಗಿರಿ_ಬೆಟ್ಟ
ಹೌದು ಮಾರಾಯ. ಅದೊಂದಕ್ಕೆ ಔಷಧ ಇಲ್ಲ.

ಪ್ರೂಫ್_ನೋಡೋನು (ಕಲಬುರಗಿ)
ಎಲ್ಲ ಓದಿದೆ. ಉತ್ತರ ತಡ ಆಯಿತು, ಒಂದು ಥೀಸಿಸ್ ಇತ್ತು, 280 ಪುಟ, ಪ್ರತಿ ಪುಟದಲ್ಲೂ "ಶ"ಗೆ "ಷ".

ಅವ್ವಗೆ ಈ ಚರ್ಚೆ ಓದಿ ಹೇಳಿದೆ. ನರ್ಸಮ್ಮನ ಮಾತಿಗೆ ತಲೆ ಆಡಿಸಿದಳು. ಕೆರೆದಂಡೆ ಅವರದ್ದಕ್ಕೆ ನಕ್ಕಳು. ಆಮೇಲೆ ತನಗೂ ಮದುವೆಗೆ ಹೋಗೋಕೆ ಬೇಜಾರು, ಮಗ ಬರಲ್ಲ ಅಂತ ನೆಪ ಹೇಳಿ ತಾನೂ ತಪ್ಪಿಸಿಕೊಳ್ಳುತ್ತಿದ್ದೆ ಅಂದಳು. ಇಷ್ಟು ದಿನ ಬೈಗುಳ ತಿಂದಿದ್ದು ನಾನು!

ಗ್ರೂಪಿಗೆ ವಾಪಸ್ ಸೇರಲ್ಲ. ಕಾಕಾಗೆ ಹೇಳಿದ್ದೇನೆ, ಏನಾದರೂ ಇದ್ದರೆ ಫೋನ್ ಮಾಡಿ, ಎತ್ತುತ್ತೇನೆ ಅಂತ. ದಿನಾ ಮಾಡುತ್ತಿದ್ದಾರೆ. ಗ್ರೂಪಿನ ಸುದ್ದಿ ಎಲ್ಲ ಫೋನಿನಲ್ಲಿ ಓದಿ ಹೇಳುತ್ತಾರೆ.

ಬಿಸಿಲೂರು
ಗ್ರೂಪೇ ವಾಸಿ ಇತ್ತು.

ಕೆರೆದಂಡೆ
ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹೇಗಿತ್ತು ಅಂತಲೂ ಹೇಳುತ್ತಾರಾ?

ಪ್ರೂಫ್_ನೋಡೋನು (ಕಲಬುರಗಿ)
ಬಣ್ಣ ಸಮೇತ.

ಕುಸುರಿ_ಬೀದರ್
ಬೇಸರ ಬಂದರೆ ಬೀದರ್‌ಗೆ ಬನ್ನಿ. 2017ರಿಂದ ನೇರ ರೈಲಿದೆ, ಕಮಲಾಪುರ, ಹುಮನಾಬಾದ್ ಮೇಲೆ. ಅಂಗಡಿಯಲ್ಲಿ ಒಂದು ಮೂಲೆ ಖಾಲಿ ಇದೆ, ಥೀಸಿಸ್ ತಂದು ಕೂರಿ. ಮಾತಾಡಿಸಲ್ಲ. ಚಹಾ ಬಂದಾಗ ಮಾತ್ರ ಕೈ ಮಾಡುತ್ತೇವೆ.

ಪ್ರೂಫ್_ನೋಡೋನು (ಕಲಬುರಗಿ)
ಬರುತ್ತೇನೆ. ಯಾವತ್ತು ಅಂತ ಹೇಳಲ್ಲ, ಹೇಳಿದರೆ ಬರೋಕಾಗಲ್ಲ.

ಕುಸುರಿ_ಬೀದರ್
ಹೇಳಬೇಡಿ. ಶುಕ್ರವಾರ ಬಿಟ್ಟು ಬನ್ನಿ, ಅವತ್ತು ಅಂಗಡಿ ಬಂದ್.

ಜೇವರ್ಗಿ_ಕ್ರಾಸ್
ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಳ್ಳಿ, ಬರಿಗೈಲಿ ಹೋಗಬೇಡಿ. ಅಷ್ಟಾದರೂ ರೀತಿ ರಿವಾಜು ಇರಲಿ.